ಮೂರು ಗಿಟಾರ್ ಆಲ್ಬಮ್, ಮೂರು ಕವರ್: ಡ್ರ್ಯಾಗನ್, ಸರ್ಫರ್, ಗ್ಯಾರೇಜು

ಬೆರಳು ಮಿಂಚಿನಂತೆ ಓಡಿಸುವ ಗಿಟಾರ್ ವಾದಕರ ಬಗ್ಗೆ ಜಗಳ ಹಳೆಯದು. ಒಂದು ಪಕ್ಷಕ್ಕೆ ಅದು ಸಾಧನೆ, ಇನ್ನೊಂದಕ್ಕೆ ಬರೀ ಸರ್ಕಸ್ಸು. ತೀರ್ಪು ಕೊಡುವ ಮೊದಲು ಕವರ್ ನೋಡಿ. ವಾದಕನ ಕೈಚಳಕವನ್ನು ಏನೆಂದು ಮಾರಲಾಗುತ್ತಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಳಗಿನ ಸಂಗೀತ ಅದಕ್ಕೆ ಒಪ್ಪುತ್ತದೋ ಇಲ್ಲವೋ, ಅದು ಬೇರೆ ಮಾತು.

ಸ್ವೀಡನ್ನಿನ ಇಂಗ್ವಿ ಮಾಲ್ಮ್‌ಸ್ಟೀನ್‌ನ ‘ಟ್ರಿಲಜಿ’ (1986) ಕವರಿನಲ್ಲಿ ಆತ ಗಿಟಾರ್ ಹಿಡಿದು ಮೂರು ತಲೆಯ ಡ್ರ್ಯಾಗನ್ ಜೊತೆ ಕಾದಾಡುತ್ತಿದ್ದಾನೆ. ನಗು ಬರುತ್ತದೆ ನಿಜ, ಆದರೆ ಇದರಲ್ಲಿ ಮೋಸವಿಲ್ಲ: ಇಲ್ಲಿ ವೇಗವೇ ಆಯುಧ. ಒಂಬತ್ತರಲ್ಲಿ ಏಳು ಹಾಡುಗಳಿಗೆ ಗಾಯನವಿದೆ. ಬರೀ ಗಿಟಾರ್ ಬೇಕಾದವರು ನೇರ ಕೊನೆಯ ‘ಟ್ರಿಲಜಿ ಸೂಟ್’ಗೆ ಹೋಗಬಹುದು. ಹೆಚ್ಚಿನ ಸ್ವರಸಂಚಾರ ನಮ್ಮ ಕಿವಿಗೆ ಕೀರವಾಣಿ, ವಕುಳಾಭರಣ ರಾಗಗಳ ಹಾಗೆ ಕೇಳುತ್ತದೆ. ಗಮಕ ಮಾತ್ರ ಕಡಿಮೆ. ಆತನ ಗಿಟಾರಿನಲ್ಲಿ ಸ್ವರಸ್ಥಾನ ತೋರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ನಡುವಿನ ಮರವನ್ನು ಗುಳಿಯಾಗಿ ಕೆತ್ತಿರುತ್ತಾರೆ, ಬೆರಳಿಗೆ ಮರ ತಾಗುವುದಿಲ್ಲ. ಅದನ್ನು ನೋಡಿ ಅಂಥದ್ದೇ ಗಿಟಾರ್ ಕೊಳ್ಳುವವರು ಎಡವುವುದು ಇಲ್ಲೇ: ಅಭ್ಯಾಸಬಲದಿಂದ ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಮೇಲಕ್ಕೆ ಸರಿದು ಅಪಶ್ರುತಿಯಾಗುತ್ತದೆ.

ಹೆಚ್ಚು ಮಾತಾಡಬೇಕಾದದ್ದು ಅಮೆರಿಕದ ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿಯ ‘ಸರ್ಫಿಂಗ್ ವಿತ್ ದಿ ಏಲಿಯನ್’ (1987) ಬಗ್ಗೆ. ಕವರಿನಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಅಂತರಿಕ್ಷದಲ್ಲಿ ಹಲಗೆಯ ಮೇಲೆ ಸಾಗುವ ಹೀರೊ ಸಿಲ್ವರ್ ಸರ್ಫರ್, ಚಿತ್ರ ಜಾನ್ ಬರ್ನ್‌ದು. ವಾದಕನ ಮುಖವಿಲ್ಲ, ಗಿಟಾರೂ ಇಲ್ಲ. ಗಾಯನವಿಲ್ಲದ ಆಲ್ಬಮ್ಮಿಗೆ ಇದು ಜಾಣ ಆಯ್ಕೆ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 29ನೇ ಸ್ಥಾನಕ್ಕೇರಿದ್ದಕ್ಕೆ ಈ ಚಿತ್ರದ ಪಾಲೂ ಇದ್ದೀತು. ಆದರೆ ಬೆಳ್ಳಿಮೈಯ ಆ ಆಕೃತಿ ತಣ್ಣಗಿನ, ಯಂತ್ರದಂಥ ಸಂಗೀತದ ನಿರೀಕ್ಷೆ ಹುಟ್ಟಿಸುತ್ತದೆ. ತಾಳವಾದ್ಯದ ಮಟ್ಟಿಗೆ ಅದು ಸರಿ, ಬಹುಪಾಲು ಡ್ರಮ್ ಮಷೀನಿನದೇ ಕೆಲಸ, ಇವತ್ತು ಕೇಳಿದರೆ ಒಣಕಲು ಅನ್ನಿಸುತ್ತದೆ. ಗಿಟಾರ್ ಮಾತ್ರ ಹಾಡುತ್ತದೆ.

‘ಆಲ್ವೇಸ್ ವಿತ್ ಮಿ, ಆಲ್ವೇಸ್ ವಿತ್ ಯು’ ಕೇಳಿ. ಬಿ ಮೇಜರ್‌ನಲ್ಲಿ ಶುರುವಾಗಿ ನಡುವೆ ಬಿ ಮೈನರ್‌ಗೆ ಹೊರಳುತ್ತದೆ. ಆಧಾರ ಷಡ್ಜ ಕದಲುವುದಿಲ್ಲ, ಮೇಲಿನ ಸ್ವರಗಳು ಬದಲಾಗುತ್ತವೆ. ಸ್ಯಾಟ್ರಿಯಾನಿ ಇದನ್ನು ಪಿಚ್ ಆಕ್ಸಿಸ್ ಅನ್ನುತ್ತಾನೆ. ಗ್ರಹಭೇದವೆಂದು ತಿಳಿಯಬೇಡಿ: ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಷಡ್ಜ ಸ್ಥಳಾಂತರವಾಗುತ್ತದೆ, ಇಲ್ಲಿ ಅದರ ತಿರುಗುಮುರುಗು. ಒಂದೇ ಶ್ರುತಿಯಲ್ಲಿ ಹಾಡುವ ರಾಗಮಾಲಿಕೆ ಇದಕ್ಕೆ ಹತ್ತಿರದ ಹೋಲಿಕೆ.

ಇದನ್ನು ನುಡಿಸಲು ಕಲಿಯುವವರು ಹಿನ್ನೆಲೆಯ ಬಿಡಿಸ್ವರಗಳಲ್ಲಿ ಕೆಡುತ್ತಾರೆ. ಬಲ ಅಂಗೈಯ ಅಂಚು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಮೇಲೆ, ತಂತಿಗೆ ತಾಗಿಯೂ ತಾಗದಂತೆ ಇರಬೇಕು. ಒಂದು ಸೆಂಟಿಮೀಟರ್ ಮುಂದೆ ಬಂದರೂ ನಾದ ಸತ್ತು ಟಕ್ ಟಕ್ ಅನ್ನುತ್ತದೆ. ‘ಸ್ಯಾಚ್ ಬೂಗಿ’ಯ ನಡುಭಾಗದ ಎರಡೂ ಕೈಯ ಟ್ಯಾಪಿಂಗ್ (ಮೀಟುವ ಬದಲು ಬೆರಳಿನಿಂದ ತಂತಿಯನ್ನು ಬಡಿದು ಸ್ವರ ಎಬ್ಬಿಸುವುದು) ನಡೆಯುವುದು ‘ಎ’ ತಂತಿಯ ಮೇಲೆ. ಅಲ್ಲಿ ವೇಗಕ್ಕಿಂತ ದೊಡ್ಡ ತೊಡಕು ಉಳಿದ ಐದು ತಂತಿಗಳ ಗುಂಯ್‌ಗುಡುವಿಕೆ. ಅವನ್ನು ಮುಚ್ಚಿಡದಿದ್ದರೆ ಎಷ್ಟು ಸಾಧನೆ ಮಾಡಿದರೂ ಗೊಂದಲವೇ. ಇನ್ನು ಶೀರ್ಷಿಕೆಯ ಟ್ರ್ಯಾಕಿನ ಸೀಳುವ ನಾದ ನಾದದ ಬಣ್ಣ ಬದಲಿಸುವ ವಾಹ್ ಪೆಡಲ್ ಮತ್ತು ಶ್ರುತಿ ಬದಲಿಸುವ ಈವೆಂಟೈಡ್ ಹಾರ್ಮನೈಜರ್ ಎಂಬ ಯಂತ್ರ ಸೇರಿ ಹುಟ್ಟಿದ್ದು. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಗುಂಡಿಯನ್ನಷ್ಟೇ ತಿರುವುತ್ತ ಕೂತರೆ ಅದು ಸಿಗುವುದಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ: ಇತ್ತೀಚಿನ ಮುದ್ರಣಗಳ ಕವರಿನಲ್ಲಿ ಸರ್ಫರ್ ಇಲ್ಲ. ಆ ಚಿತ್ರವೇ ಬೇಕಿದ್ದರೆ ಹಳೆಯ ಎಲ್‌ಪಿ ಅಥವಾ ಸಿಡಿಯನ್ನೇ ಹುಡುಕಬೇಕು. ಹಣ ಕೊಡುವ ಮೊದಲು ಮಾರುವವರಿಂದ ಕವರಿನ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ.

ಜೆಫ್ ಬೆಕ್‌ನ ‘ಗಿಟಾರ್ ಶಾಪ್’ (1989) ಕವರಿನಲ್ಲಿ ಡ್ರ್ಯಾಗನ್ನೂ ಇಲ್ಲ, ಅಂತರಿಕ್ಷವೂ ಇಲ್ಲ. ಮಾರ್ಕ್ ರೈಡನ್ ಚಿತ್ರಿಸಿದ್ದು ಒಂದು ಗ್ಯಾರೇಜು. ಕಾರಿರಬೇಕಾದ ಜಾಗದಲ್ಲಿ ದೈತ್ಯ ಗಿಟಾರ್, ಮೆಕ್ಯಾನಿಕ್ ಸ್ವತಃ ಬೆಕ್. ಹಳೆಯ ಕಾರುಗಳನ್ನು ತಾನೇ ಬಿಚ್ಚಿ ಜೋಡಿಸುತ್ತಿದ್ದವನಿಗೆ ಇದು ವೇಷವಲ್ಲ. ಮೂರರಲ್ಲಿ ಕವರೂ ಸಂಗೀತವೂ ಪೂರ್ತಿ ಕೂಡಿಬಂದದ್ದು ಇಲ್ಲೇ. ಬೆಕ್, ಡ್ರಮ್ಸ್‌ಗೆ ಟೆರ‍್ರಿ ಬೊಜ್ಜಿಯೊ, ಕೀಬೋರ್ಡಿಗೆ ಟೋನಿ ಹೈಮಸ್, ಇಷ್ಟೇ ಜನ. ಬೇಸ್ ಗಿಟಾರ್ ವಾದಕ ಕೂಡ ಇಲ್ಲ.

‘ವೇರ್ ವರ್ ಯು’ದಲ್ಲಿ ವೇಗದ ಸುಳಿವೇ ಇಲ್ಲ. ತಂತಿಯನ್ನು ಫ್ರೆಟ್‌ಗೆ ಒತ್ತದೆ ಹಗುರವಾಗಿ ಮುಟ್ಟಿ ಹಾರ್ಮೋನಿಕ್ (ಕೊಳಲಿನಂಥ ತೆಳು ಸ್ವರ) ಎಬ್ಬಿಸಿ, ತಂತಿಗಳ ಬಿಗಿ ಬದಲಿಸುವ ಟ್ರೆಮೊಲೊ ಕಡ್ಡಿಯಿಂದ ಅದನ್ನು ಮುಂದಿನ ಸ್ವರಕ್ಕೆ ಜಾರಿಸುತ್ತಾನೆ. ಬಲ್ಗೇರಿಯಾದ ಹೆಂಗಸರ ವೃಂದಗಾನದಿಂದ ಹುಟ್ಟಿದ ಕಲ್ಪನೆ ಅದು. ಗುರುತಿಗೆ ಫ್ರೆಟ್ ಇಲ್ಲ, ಕಿವಿಯೊಂದೇ ಗತಿ. ಕೂದಲೆಳೆಯಷ್ಟು ತಪ್ಪಿದರೂ ಬಯಲಾಗುತ್ತದೆ. ಪ್ರಯತ್ನಿಸುವವರು ಮೊದಲು ನಟ್‌ನ (ಗಿಟಾರಿನ ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿ) ಸೀಳುಗಳಿಗೆ ಪೆನ್ಸಿಲ್ ಸೀಸದ ಪುಡಿ ಹಚ್ಚಲಿ. ತಂತಿ ಅಲ್ಲಿ ಸಿಕ್ಕಿಕೊಂಡರೆ ಕಡ್ಡಿ ಬಿಟ್ಟಾಗ ಶ್ರುತಿ ಮರಳುವುದಿಲ್ಲ, ತಪ್ಪು ಕೈಯದೋ ಗಿಟಾರಿನದೋ ತಿಳಿಯದೆ ವಾರಗಳು ಹೋಗುತ್ತವೆ.

ಒಂದನ್ನೇ ಕೊಳ್ಳುವುದಾದರೆ ‘ಗಿಟಾರ್ ಶಾಪ್’. ಈ ಸಂಗೀತಕ್ಕೆ ಹೊಸಬರಾದರೆ ಮೊದಲು ಸ್ಯಾಟ್ರಿಯಾನಿ. ‘ಟ್ರಿಲಜಿ’ಯನ್ನು ಎಲ್‌ಪಿಯಲ್ಲೇ ತೆಗೆದುಕೊಳ್ಳಿ, ಡ್ರ್ಯಾಗನ್ನಿಗೆ ಹನ್ನೆರಡು ಇಂಚಾದರೂ ಜಾಗ ಬೇಕು.