ಉದ್ದ ಕಾದಂಬರಿಯೋ, ಸಣ್ಣಕಥೆಯೋ: ಕಿವಿಗೆ ಯಾವಾಗ ಯಾವುದು?

ಹದಿನೈದು ಗಂಟೆಯ ಕಾದಂಬರಿಯೊಂದನ್ನು ಆಡಿಯೋ ಪುಸ್ತಕವಾಗಿ ಕೇಳುವುದೆಂದರೆ ಒಬ್ಬರ ಧ್ವನಿಯೊಂದಿಗೆ ಎರಡು ವಾರ ಸಂಸಾರ ಮಾಡಿದಂತೆ. ದಿನವೂ ಒಂದೇ ದಾರಿಯಲ್ಲಿ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿನ್ನೆ ಬಿಟ್ಟ ಪಾತ್ರಗಳು ಇಂದು ಕಾದಿರುತ್ತವೆ. ಆದರೆ ಹೆಸರುಗಳು, ನಂಟಸ್ತಿಕೆಗಳು ಹೆಚ್ಚಿದ್ದರೆ ಕಿವಿ ಎಡವುತ್ತದೆ. ಪುಟ ಹಿಂದಕ್ಕೆ ತಿರುಗಿಸಿದಷ್ಟು ಸುಲಭವಾಗಿ ಧ್ವನಿಯನ್ನು ತಿರುಗಿಸಲಾಗದು. ಹಿಂದೆ ಓದಿ ಮೆಚ್ಚಿದ ದೊಡ್ಡ ಕಾದಂಬರಿಯಿಂದ ಆರಂಭಿಸುವುದು ಒಳ್ಳೆಯದು.

ಅಡುಗೆ, ಪಾತ್ರೆ, ಬಟ್ಟೆ ಮಡಿಸುವ ಹೊತ್ತಿಗೆ ಸಣ್ಣಕಥೆ ಒಪ್ಪುತ್ತದೆ. ಕೆಲಸ ಮುಗಿಯುವಷ್ಟರಲ್ಲಿ ಕಥೆಯೂ ಮುಗಿದಿರುತ್ತದೆ. ಒಂದರ ಹಿಂದೆ ಒಂದು ಹಾಕಿಕೊಂಡರೆ ಮಾತ್ರ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಓದುವವರ ಧ್ವನಿ ಇವೆರಡಕ್ಕಿಂತ ಮುಖ್ಯ. ಹತ್ತು ನಿಮಿಷದ ಮಾದರಿ ಕೇಳದೆ ಹಣ ಕೊಡಬೇಡಿ. 2005ರಲ್ಲಿ ಆರಂಭವಾದ ಆಡಿಯೋ ಪುಸ್ತಕಗಳ ಜಾಲತಾಣ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದಿದ್ದಾರೆ, ಎಲ್ಲವೂ ಉಚಿತ. ಆದರೆ ಕೆಲವು ಕೃತಿಗಳಲ್ಲಿ ಅಧ್ಯಾಯ ಬದಲಾದಂತೆ ಓದುವವರೂ ಬದಲಾಗುತ್ತಾರೆ.

ಸಾಲಾಗಿ ಎರಡು ಕಾದಂಬರಿ ಕೇಳಿ ಬೇಸರ ಬಂದಿದ್ದರೆ ಕುಮಾರವ್ಯಾಸ ಭಾರತದ ಗಮಕ ವಾಚನ ಹಾಕಿಕೊಳ್ಳಿ. ಒಬ್ಬರು ಷಟ್ಪದಿ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಸಾಗುವ ಆ ಹದದಲ್ಲಿ ದಣಿದ ಕಿವಿ ಮತ್ತೆ ಅರಳುತ್ತದೆ.