ವಿ-ಕ್ರಾಸ್‌ಗೆ ಹಾಕ್ಸಿದ ಟಾನೋ ಕವರ್, ಒಂದು ಮಳೆಗಾಲ ಆದ್ಮೇಲೆ

ಸಕಲೇಶಪುರದ ಮಳೇಲಿ ಇಸುಜು ವಿ-ಕ್ರಾಸ್ ಪಿಕಪ್ ಓಡಿಸೋರಿಗೆ ಹಿಂದುಗಡೆ ಸಾಮಾನು ಹಾಕೋ ತೊಟ್ಟಿ ಮುಚ್ಚೋದೇ ದೊಡ್ಡ ತಲೆನೋವು, ಟಾರ್ಪಾಲ್ ಕಟ್ಟಿ ಕಟ್ಟಿ ಸಾಕಾಗಿ ಮೂರಾಗಿ ಮಡಚೋ ಗಟ್ಟಿ ಟಾನೋ ಕವರ್, ಅಂದ್ರೆ ತೊಟ್ಟಿ ಮೇಲಿನ ಮುಚ್ಚಳ, ಹಾಕ್ಸಿದೆ. ರೋಲರ್ ಶಟರ್ ಥರ ಸುತ್ತೋ ಕವರ್ ನೋಡೋಕೆ ಚೆಂದ, ಆದ್ರೆ ಸುರುಳಿ ಡಬ್ಬಿ ಕ್ಯಾಬಿನ್ ಹಿಂದೆ ಜಾಗ ತಿನ್ನುತ್ತೆ, ನೀರು ಹೊರಗೆ ಹೋಗೋ ಪೈಪಲ್ಲಿ ಎಲೆ ಕಟ್ಕೊಂಡ್ರೆ ಒಳಗೇ ಸುರಿಯುತ್ತೆ. ನಾನು ಹಾಕ್ಸಿದ ಮಡಚೋ ಕವರ್‌ಗೆ ತೂತು ಕೊರೆಯೋದಿಲ್ಲ, ಕ್ಲ್ಯಾಂಪ್ ಬಿಗಿದ್ರೆ ಆಯ್ತು. ಫಿಟ್ ಮಾಡಿದ ಹುಡುಗ ಅಂಚು ಒರೆಸದೆ ರಬ್ಬರ್ ಪಟ್ಟಿ ಅಂಟಿಸ್ಬಿಟ್ಟಿದ್ದ, ಮೊದಲ ಮಳೆಗೇ ಕ್ಯಾಬಿನ್ ಕಡೆ ಮೂಲೇಲಿ ನೀರಿಳಿದು ಗೊಬ್ಬರದ ಚೀಲ ತಳದಿಂದ ಮೆತ್ತಗಾಗಿತ್ತು, ತುಂಬಾ ಬೇಜಾರಾಯ್ತು. ನಾನೇ ಪಟ್ಟಿ ಕಿತ್ತು ಸ್ಪಿರಿಟ್ ಹಾಕಿ ಒರೆಸಿ ಹೊಸದು ಅಂಟಿಸ್ದೆ, ಆಮೇಲೆ ಆ ಮೂಲೆ ಒಣಗೇ ಇದೆ. ಟೈಲ್‌ಗೇಟ್ (ತೊಟ್ಟಿಯ ಹಿಂಬಾಗಿಲು) ಸಂದೀಲಿ ಮಾತ್ರ ಈಗ್ಲೂ ಹನಿ ಬರುತ್ತೆ. ಕ್ಯಾಬಿನ್ ಹಿಂದೆ ರೋಲ್ ಬಾರ್ (ಕಮಾನಿನ ಥರದ ಪೈಪ್) ಇದ್ರೆ ಕವರ್ ಕೂರುತ್ತಾ ಅಂತ ಮೊದ್ಲೇ ಕೇಳಿ, ದುಡ್ಡು ಕೊಡೋ ಮುಂಚೆ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟು ನೋಡಿ.