ಗಟ್ಟಿಮೇಳಕ್ಕೆ ಒಂದೇ ಕ್ಯಾಮೆರಾ ಸಾಕಾ?

ಮಂಡ್ಯದ ಛತ್ರದಲ್ಲಿ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗಿದಾಗ ನನ್ನ ಕೈಲಿದ್ದದ್ದು ಬಾಡಿಗೆಗೆ ತಂದ 33 ಮೆಗಾಪಿಕ್ಸೆಲ್ ಹೈಬ್ರಿಡ್ ಬಾಡಿ, ಅಂದರೆ ಫೋಟೊ, ವಿಡಿಯೊ ಎರಡಕ್ಕೂ ಅಂತ ಮಾಡಿದ ಕ್ಯಾಮೆರಾ. ನಾದಿನಿ ಮದುಮಗಳ ಜಡೆ ಎತ್ತಿ ಹಿಡಿದಿದ್ದಳು, ಅರಿಶಿನದ ದಾರ ಮದುಮಗನ ಬೆರಳಿಗೆ ಸಿಕ್ಕಿಕೊಂಡಿತ್ತು, ಮೇಲಿಂದ ಅಕ್ಷತೆ. ವಿಡಿಯೊ ಓಡುತ್ತಿತ್ತು. ಫೋಟೊನೂ ಬೇಕಲ್ಲ ಅಂತ ಸ್ವಿಚ್ ತಿರುಗಿಸಿ ಕ್ಲಿಕ್ಕಿಸುವಷ್ಟರಲ್ಲಿ ಮೂರನೇ ಗಂಟು. ವಿಡಿಯೊಗೆ ಇಟ್ಟಿದ್ದ 1/50 ಸೆಕೆಂಡಿನ ನಿಧಾನ ಶಟರ್ ಫೋಟೊಗೂ ಹಾಗೇ ಬಂದಿತ್ತು, ಬೆರಳೆಲ್ಲ ಮಬ್ಬು. ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುವ ಸೌಲಭ್ಯ ಮೆನುವಿನಲ್ಲಿತ್ತು, ಹಾಕಿಕೊಳ್ಳದೆ ಹೋದದ್ದು ನನ್ನದೇ ತಪ್ಪು.

‘ತಾಳಿ ಕಟ್ಟಿದ್ದು ಚೆನ್ನಾಗಿ ಬಂತೇನಪ್ಪಾ?’ ಹುಡುಗಿಯ ಸೋದರಮಾವ ಕೇಳಿದರು.

‘ವಿಡಿಯೊದಲ್ಲಿ ಬಂದಿದೆ ಅಣ್ಣಾ.’ ಸುಳ್ಳಂತೂ ಹೇಳಲಿಲ್ಲ.

ಆ ಉರಿಗೇ ಮೂರು ಬಾಡಿಗಳನ್ನು ಸರದಿಯ ಮೇಲೆ ಹಿಡಿದು ನೋಡಿದೆ: ನನ್ನ ಹಳೇ ನಿಕಾನ್ ಡಿಎಫ್, ಅದೇ ಹೈಬ್ರಿಡ್, ಮತ್ತೆ ಫ್ಯಾನ್ ಇರುವ 12 ಮೆಗಾಪಿಕ್ಸೆಲ್‌ನ ವಿಡಿಯೊ ಬಾಡಿ.

2013ರಲ್ಲಿ ಬಂದ ಡಿಎಫ್‌ನಲ್ಲಿ ವಿಡಿಯೊ ಇಲ್ಲವೇ ಇಲ್ಲ. ಅದೇ ಕಂಪನಿ 2008ರಲ್ಲಿ ಡಿ90 ತಂದು ಡಿಎಸ್‌ಎಲ್‌ಆರ್‌ಗೆ ಮೊದಲ ಸಲ ವಿಡಿಯೊ ಕೊಟ್ಟಿತ್ತು ಅನ್ನುವುದು ತಮಾಷೆ. ಡಿಎಫ್ ಹಿಡಿದು ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಸುಖ. ಮೇಲಿರುವ ಶಟರ್ ಚಕ್ರವನ್ನು 1/2000ಕ್ಕೆ ತಿರುಗಿಸಿದರೆ ಮುಗಿಯಿತು, ಬೇರೆ ಯೋಚನೆಯೇ ಇಲ್ಲ. ಆದರೆ ಕಡ್ಡಿ ಕಚ್ಚಿಕೊಂಡು ಹಾರಿದ ಬಣ್ಣದ ಕೊಕ್ಕರೆ ಹೆಚ್ಚು ಸಿಕ್ಕಿದ್ದು ಹೈಬ್ರಿಡ್‌ನಲ್ಲೇ. ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಬಿಡದೆ ಹಿಂಬಾಲಿಸಲು ಅದರ ಸೆನ್ಸರ್ ಬಿಡುವಿಲ್ಲದೆ ಚಿತ್ರ ಓದುತ್ತಿರಬೇಕು. ವಿಡಿಯೊಗೆ ಬೇಕಾದದ್ದೂ ಮುಖ್ಯವಾಗಿ ಅದೇ. ಹಾಗಾಗಿ ‘ವಿಡಿಯೊ ಕಿತ್ತುಹಾಕಿ, ರೇಟು ಇಳಿಸಿ’ ಅನ್ನುವ ಫೋಟೊ ಗೆಳೆಯರ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಡಿಎಫ್ ಬಂದಾಗ ಅದೇನು ಅಗ್ಗವಾಗಿತ್ತಾ?

ವಿಡಿಯೊ ಬಾಡಿಯನ್ನು ಒಂದು ಭಾನುವಾರ ಸಂಜೆ ಮೈಸೂರು ಅರಮನೆ ಮುಂದೆ ಓಡಿಸಿದೆ. ಏಳಕ್ಕೆ ದೀಪ ಹತ್ತಿದ ಮೇಲೆ ಕಮಾನುಗಳ ಉದ್ದಕ್ಕೂ ಎಡದಿಂದ ಬಲಕ್ಕೆ ಬೇಗ ತಿರುಗಿಸಿದರೂ ಕಂಬಗಳು ನೆಟ್ಟಗೇ ನಿಂತವು. ಹೈಬ್ರಿಡ್‌ನಲ್ಲಿ ಅದೇ ವೇಗಕ್ಕೆ ಎಲ್ಲ ಕಂಬ ಒಂದೇ ಕಡೆ ವಾಲಿದವು. ಹೆಚ್ಚು ಪಿಕ್ಸೆಲ್ಲನ್ನು ಸಾಲು ಸಾಲಾಗಿ ಓದಿ ಮುಗಿಸಲು ಹೊತ್ತು ಬೇಕು. ಅಷ್ಟರಲ್ಲಿ ಕ್ಯಾಮೆರಾ ಮುಂದಕ್ಕೆ ಹೋಗಿರುತ್ತದೆ. ಬಿಸಿಯ ವಿಷಯದಲ್ಲೂ ಫ್ಯಾನ್ ಇದ್ದದ್ದೇ ಗೆದ್ದಿತು. ಮಧ್ಯಾಹ್ನದ ದಿಬ್ಬಣದಲ್ಲಿ ಹೈಬ್ರಿಡ್ ಬಿಸಿಯ ಗುರುತು ತೋರಿಸಿತ್ತು, ಇದು ತೋರಿಸಲಿಲ್ಲ. ಆದರೆ ಇದಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬಿಸಿಲಲ್ಲಿ ಸ್ಕ್ರೀನೇ ಕಾಣದು. 12 ಮೆಗಾಪಿಕ್ಸೆಲ್ ಫೋಟೊ ಆಲ್ಬಮ್ಮಿಗೆ ಸಾಕು; ಗುಂಪಿನಿಂದ ಅಜ್ಜಿಯ ಮುಖ ಒಂದನ್ನೇ ಕತ್ತರಿಸಿ ಗೋಡೆಗೆ ದೊಡ್ಡದು ಮಾಡಿಕೊಡಿ ಅಂದರೆ ಕಷ್ಟ.

ಕೊಳ್ಳುವುದಾದರೆ ನಾನು ಕೊಳ್ಳುವುದು ಹೈಬ್ರಿಡ್ಡೇ. ಕಂಪನಿಗಳು ಮಾಡಲಿ, ಬೇಡ ಅನ್ನುವವನಲ್ಲ. ಫೋಟೊ–ವಿಡಿಯೊ ಸ್ವಿಚ್ ಹೆಬ್ಬೆರಳಿಗೆ ಸಿಗಬೇಕು, ಎರಡರ ಸೆಟ್ಟಿಂಗೂ ಡಬ್ಬ ತೆಗೆದಾಗಲೇ ಬೇರೆ ಬೇರೆ ಇರಬೇಕು, ಅಷ್ಟೆ. ನನ್ನ ತಕರಾರು ಕ್ಯಾಮೆರಾ ಮೇಲಲ್ಲ, ಒಂದರಲ್ಲೇ ಎರಡೂ ಆಗುತ್ತೆ ಅನ್ನಿಸುವ ‘ಹೈಬ್ರಿಡ್’ ಅನ್ನುವ ಹೆಸರಿನ ಮೇಲೆ. ಮೊನ್ನೆ ಮದ್ದೂರಿನ ಪಾರ್ಟಿಯವರು ಫೋನ್ ಮಾಡಿ, ‘ಈಗಿನ ಕ್ಯಾಮೆರಾದಲ್ಲಿ ಎರಡೂ ಬರುತ್ತಂತಲ್ಲ ಸಾರ್, ಒಬ್ಬರೇ ಬನ್ನಿ, ರೇಟು ನೋಡಿ ಹಾಕಿ’ ಅಂದರು.

‘ಬರುತ್ತೆ ಸಾರ್. ತಾಳಿ ಎರಡು ಸಲ ಕಟ್ಟಿಸ್ತೀರಾ?’ ಅಂದೆ. ನಕ್ಕರು. ಇಬ್ಬರ ರೇಟಿಗೇ ಅಡ್ವಾನ್ಸ್ ಬಂತು.